ಅಧಿಕೃತಗೊಳಿಸು ಅಂದ್ರೆ ಎಂತದು ಮಾವಾ?

ಮೊನ್ನೆ ಭಾನುವಾರ ಸಾಯಂಕಾಲ ತೋಟದಿಂದ ಬಂದು ಕೈಕಾಲು ತೊಳ್ಕಂಡು ಚಾ ಲೋಟ ಹಿಡಿದು ಜಗಲಿ ಮೇಲೆ ಕೂತಿದ್ದೆ ಅಷ್ಟೇ, ಕಾರವಾರದಿಂದ ಅಕ್ಕನ ಮಗಳ ವಿಡಿಯೋ ಕಾಲ್ ಬಂತು. ಎಂಟನೇ ಕ್ಲಾಸು. ಕನ್ನಡ ಹೋಮ್‌ವರ್ಕ್ ಇದ್ದಾಗ ಮಾತ್ರ ಅವಳಿಗೆ ಮಾವನ ನೆನಪು, ಗಣಿತ ಆದ್ರೆ ಯೂಟ್ಯೂಬ್ ಸಾಕು. "ಮಾವಾ, ಅಧಿಕೃತಗೊಳಿಸು ಅಂದ್ರೆ ಎಂತದು? ಸ್ವಂತ ವಾಕ್ಯದಲ್ಲಿ ಬಳಸ್ಬೇಕಂತೆ." ನಾನು ಚಾ ಆರ್ತದೆ ಅನ್ನೋ ಅರ್ಜೆಂಟಲ್ಲಿ "ಅಫೀಶಿಯಲ್ ಮಾಡೋದು" ಅಂದ್ಬಿಟ್ಟೆ. "ಓ ಅಷ್ಟೇನಾ" ಅಂತ ಅಲ್ಲೇ ಬರೆದಳು, ಬರೀತಾ ಬರೀತಾ ನನಗೆ ಕೇಳೋ ಹಾಗೆ ಓದಿದ್ಳು: "ಪಕ್ಕದ ಮನೆ ಅಣ್ಣನು ತನ್ನ ಲವ್ವನ್ನು ಅಧಿಕೃತಗೊಳಿಸಿದನು." ಹಿಂದಿನಿಂದ ಅಕ್ಕ ಕೂಗಿದ್ದು ಕೇಳ್ತು, ಕಾಲ್ ಕಟ್ಟಾಯ್ತು.

ನಕ್ಕು ನಕ್ಕು ಚಾ ಚೆಲ್ಕಂಡೆ. ಆದ್ರೆ ರಾತ್ರಿ ಮಲಗಿದಾಗ ಆ ವಾಕ್ಯ ತಲೆಯಲ್ಲಿ ಹುಳ ಬಿಟ್ಟ ಹಾಗೆ ಆಯ್ತು ಮಾರಾಯ್ರೆ. ವ್ಯಾಕರಣದಲ್ಲಿ ತಪ್ಪೇ ಇಲ್ಲ ಅದು. ಕರ್ತೃ ಇದಾನೆ, ಕರ್ಮ ಇದೆ, ಅನ್ನು ಪ್ರತ್ಯಯ ಸರಿಯಾದ ಜಾಗದಲ್ಲೇ ಕೂತಿದೆ. ಹಾಗಾದ್ರೆ ನಗು ಯಾಕೆ ಬಂತು? ಯೋಚನೆ ಮಾಡಿದ್ರೆ ಅದು ಲವ್ ಅನ್ನೋ ಪದಕ್ಕೆ ಬಂದ ನಗು ಅಲ್ಲ. ಆ ಅಣ್ಣ ಲವ್ವನ್ನ ಮನೇಲಿ ಹೇಳಬಹುದು, ಇನ್‌ಸ್ಟಾದಲ್ಲಿ ಹಾಕಬಹುದು, ಮದುವೆ ಆಗಬಹುದು, ಮದುವೆ ರಿಜಿಸ್ಟರ್ ಮಾಡಿಸಬಹುದು, ಆದ್ರೆ ಅಧಿಕೃತಗೊಳಿಸೋಕೆ ಮಾತ್ರ ಅವನಿಗೆ ಆಗೋದಿಲ್ಲ. ಯಾಕಂದ್ರೆ ಆ ಕ್ರಿಯಾಪದಕ್ಕೆ ಒಂದು ಕುರ್ಚಿ ಬೇಕು. ಕುರ್ಚಿ ಮೇಲೆ ಕೂತವರು, ಇಲ್ಲಾ ಕುರ್ಚಿಯೇ ಆಗಿರೋ ಸರ್ಕಾರ, ಕೋರ್ಟು, ವಿಶ್ವವಿದ್ಯಾಲಯ ಇಂಥವ್ರು ಮಾತ್ರ ಅದರ ಕರ್ತೃ ಆಗಬಹುದು. ನಾವೆಲ್ಲ ಆ ಕುರ್ಚಿಯ ಈಚೆ ಬದಿಗೆ ನಿಂತವ್ರು, ನಮ್ಮ ಕ್ರಿಯಾಪದ ಬೇರೆ.

ನಮ್ಮದು "ಮಾಡಿಸು". ಖಾತೆ ಮಾಡಿಸೋದು, ನೋಟರಿ ಮಾಡಿಸೋದು, ಅಟೆಸ್ಟ್ ಮಾಡಿಸೋದು, ಆಧಾರ್ ಲಿಂಕ್ ಮಾಡಿಸೋದು. ಒಂದ್ಸಲ ಗಮನಿಸಿ ನೋಡಿ, ನಮ್ಮ ಊರಲ್ಲಿ ಯಾರೂ "ಖಾತೆ ಮಾಡಿದೆ" ಅನ್ನೋದಿಲ್ಲ. "ಮಾಡಿಸ್ದೆ" ಅಂತಾರೆ, ಇಲ್ಲಾ "ಆಯ್ತು" ಅಂತಾರೆ. ಆ ಒಂದು ಇಸು ಪ್ರತ್ಯಯದ ಒಳಗೆ ಬಸ್ಸಿಗೆ ಹೋಗಿದ್ದು, ಜೆರಾಕ್ಸ್ ತೆಗೆಸಿದ್ದು, "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಕೇಳಿಸ್ಕಂಡಿದ್ದು ಎಲ್ಲ ಅಡಗಿ ಕೂತಿರ್ತದೆ.

ಇದನ್ನ ಇಷ್ಟು ಜೋರಾಗಿ ಹೇಳ್ತಿರೋದಕ್ಕೆ ಕಾರಣ ಇದೆ, ನಾನು ಆರು ತಿಂಗಳಿಂದ ಪೌತಿ ಖಾತೆ "ಮಾಡಿಸ್ತಾ" ಇದೀನಿ. ಅಜ್ಜ ತೀರಿ 18 ವರ್ಷ ಆಯ್ತು, ತೋಟ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಪ್ಪ "ನೋಡ್ವ ನೋಡ್ವ" ಅಂತ ಕಳೆದ, ಈಗ ನನ್ನ ತಲೆಗೆ ಬಂತು. ಪೌತಿ ಅನ್ನೋದು ಅರಬ್ಬಿಯ ಫೌತ್, ಅಂದ್ರೆ ಸಾವು. ತೀರಿಹೋದವ್ರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗೋದಕ್ಕೆ ಆ ಹೆಸರು. ಅಜ್ಜನ ಮರಣ ದಾಖಲೆ, ವಂಶವೃಕ್ಷ, ಎಲ್ಲರ ಆಧಾರ್ ಎಲ್ಲ ಜೋಡಿಸ್ಕಂಡು ಹೋದ್ರೆ, ಪಹಣಿಯಲ್ಲಿ, ಅಂದ್ರೆ ಜಮೀನಿನ ದಾಖಲೆಯಲ್ಲಿ, ಅಜ್ಜ ತಿಮ್ಮಣ್ಣ, ಮರಣ ದಾಖಲೆಯಲ್ಲಿ ತಿಮ್ಮಪ್ಪ. ಊರಿಗೆಲ್ಲ ಒಬ್ಬನೇ ಮನುಷ್ಯ, ಕಾಗದದಲ್ಲಿ ಇಬ್ಬರು. ಒಬ್ಬ ಸತ್ತಿದಾನೆ, ಇನ್ನೊಬ್ಬ ತೋಟ ಇಟ್ಕಂಡು ಬದುಕೇ ಇದಾನೆ. ಕೌಂಟರಿನವ್ರು ಪಾಪ ನಗ್ತಾನೇ ಹೇಳಿದ್ರು, "ಇಬ್ರೂ ಒಬ್ರೇ ಅಂತ ಅಫಿಡವಿಟ್ ಮಾಡಿಸ್ಕೊಂಡ್ ಬನ್ನಿ." ನೋಡಿ, ಮತ್ತೆ ಮಾಡಿಸು.

ಇರಲಿ, ಪದಕ್ಕೆ ಬರ್ತೆ. ನಮ್ಮ ಕೇರಿಯಲ್ಲಿ ಸಂಸ್ಕೃತ ಓದಿದ ಭಟ್ರೊಬ್ರು ಇದಾರೆ, ಸಂಜೆ ಹೊತ್ತಿಗೆ ಕವಳದ ಸಂಚಿ, ಅಂದ್ರೆ ಎಲೆ ಅಡಿಕೆ ಚೀಲ, ತಗಂಡು ಬಂದು ನಮ್ಮ ಜಗಲಿ ಮೇಲೆ ಕೂರೋದು ವಾಡಿಕೆ. ಅವ್ರಿಗೆ ಸುಮ್ನೆ ಕೇಳಿದೆ, ದೃಢೀಕರಣ, ಅಂಗೀಕಾರ, ಪ್ರಮಾಣೀಕರಣ, ನವೀಕರಣ ಎಲ್ಲದರಲ್ಲೂ ಈ ದೀರ್ಘದ ಈಕಾರ ಎಲ್ಲಿಂದ ಬರ್ತದೆ ಅಂತ. ಅಡಿಕೆ ಹೋಳು ಬಾಯಿಗೆ ಹಾಕ್ಕಂಡು "ಅಪ್ಪೀ, ಅದು ಚ್ವಿ ಪ್ರತ್ಯಯ. ಅಭೂತತದ್ಭಾವ ಹೇಳಿ. ಮುಂಚೆ ಹಂಗೆ ಇತ್ತಿಲ್ಲೆ, ಈಗ ಹಂಗೆ ಆತು" ಅಂದ್ರು. ಪಾಣಿನಿ ಸೂತ್ರವೇ ಇದೆ ಅದಕ್ಕೆ. ದೃಢ ಅಲ್ಲದೇ ಇದ್ದಿದ್ದು ದೃಢ ಆಗೋದು ದೃಢೀಕರಣ, ನವ ಅಲ್ಲದ್ದು ನವ ಆಗೋದು ನವೀಕರಣ, ನಮ್ಮ ಅಂಗ ಅಲ್ಲದ್ದನ್ನ ನಮ್ಮ ಅಂಗ ಮಾಡ್ಕಳೋದು ಅಂಗೀಕಾರ. ಎಷ್ಟು ಚಂದ ಅಲ್ದಾ! ಹಾಗಾದ್ರೆ ಅಧಿಕೃತ? "ಅದ್ರಲ್ಲಿ ದೀರ್ಘ ಎಲ್ಲಿದ್ದು? ಅದು ಅಧಿ ಉಪಸರ್ಗ. ಮೇಲೆ ಕೂರ್ಸಿದ್ದು ಹೇಳಿ ಅರ್ಥ" ಅಂದ್ರು. ಅಧಿ ಅಂದ್ರೆ ಮೇಲೆ. ಸಂಸ್ಕೃತದಲ್ಲಿ ಅಧಿಕೃತ ಅಂದ್ರೆ ಒಂದು ಕೆಲಸದ ಮೇಲೆ ನೇಮಕ ಆದ ಮನುಷ್ಯ, ಅಧಿಕಾರಿ ಕೂಡ ಅದೇ ಮನೆಯ ಪದ. ಅಂದ್ರೆ ಕುರ್ಚಿ ನಾನು ಸುಮ್ನೆ ತಂದಿಟ್ಟಿದ್ದಲ್ಲ, ಪದದ ಒಳಗೇ ಮೊದಲಿಂದ ಇತ್ತು.

ಇನ್ನೊಂದು ಉಪಯೋಗ ಆಯ್ತು ಇದ್ರಿಂದ. ಬ್ಯಾನರ್, ಫ್ಲೆಕ್ಸ್ ಎಲ್ಲ ಕಡೆ "ಅಧೀಕೃತ" ಅಂತ ದೀರ್ಘ ಕೊಟ್ಟು ಬರೀತಾರಲ್ಲ, ಅದು ತಪ್ಪು. ದೃಢೀಕೃತ ನೋಡಿ ನೋಡಿ ಕೈಗೆ ಬಂದ ಅಭ್ಯಾಸ ಇರ್ಬೇಕು. ಅಧಿಗೆ ಹ್ರಸ್ವವೇ ಸಾಕು. ಇದಕ್ಕಿಂತ ಮಜಾ ಇರೋದು ನೋಂದಣಿ. ಅದು ಮರಾಠಿಯ ನೋಂದ್, ಅಂದ್ರೆ ಪುಸ್ತಕದಲ್ಲಿ ಬರ್ಕಳೋದು. ಓಕಾರ ದೀರ್ಘ. ಆದ್ರೆ ಎಷ್ಟೋ ಜನ "ನೊಂದಣಿ" ಅಂತ ಹ್ರಸ್ವ ಹಾಕ್ತಾರೆ, ಆಗ ಅದು ನೊಂದವರ ಕಚೇರಿ ಆಗ್ತದೆ. ಇದೊಂದು ತಪ್ಪನ್ನ ತಿದ್ದಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ.

ಕನ್ನಡದ್ದು ಅಂತ ಇರೋದು ಆ ಕೊನೆಯ "ಗೊಳಿಸು" ಮಾತ್ರ. ಕೊಳ್ಳು ಅಂದ್ರೆ ತಗೊಳ್ಳೋದು, ಕೊಳಿಸು ಅಂದ್ರೆ ತಗೊಳ್ಳೋ ಹಾಗೆ ಮಾಡೋದು, ಮಳೆ ಕಾಲ ಮಳೆಗಾಲ ಆದ ಹಾಗೆ ಕ ಹೋಗಿ ಗ ಬಂತು. ಅದಕ್ಕೇ ಜೋಡಿ ಇದೆ: ಆದೇಶ ಅಧಿಕೃತಗೊಂಡಿತು, ಸರ್ಕಾರ ಅಧಿಕೃತಗೊಳಿಸಿತು. "ಅಧಿಕೃತ ಮಾಡು" ಅಂದ್ರೂ ನಡೀತದೆ, ಟೀವಿಯವ್ರು "ಅಧಿಕೃತ ಘೋಷಣೆಯೊಂದೇ ಬಾಕಿ" ಅಂತ ದಿನಕ್ಕೆ ಹತ್ತು ಸಲ ಹೇಳ್ತಾರೆ, ಅಲ್ಲಿಗೆ ಅದು ಎಲ್ಲರಿಗೂ ಗೊತ್ತಾಗಿದೆ ಅಂತಲೇ ಅರ್ಥ. ಆದ್ರೆ ಮನೆಮಾತಲ್ಲಿ? ನಮ್ಮ ಅಜ್ಜಿ 86 ವರ್ಷದಲ್ಲಿ ಒಂದ್ಸಲ ಕೂಡ ಆ ಪದ ಬಾಯಲ್ಲಿ ಹಾಕಿದ್ದು ನಾ ಕೇಳಿಲ್ಲ. ಅವಳ ಹತ್ರ ಇರೋ ಪದ ಮಂಜೂರು, ಖಾಯಂ, ಪಕ್ಕಾ, ದಾಖಲು, ರುಜು. ಒಂದೂ ನಮ್ಮ ಕಡೆ ಹುಟ್ಟಿದ್ದಲ್ಲ, ಆದ್ರೂ ಅಡಿಕೆಯಷ್ಟೇ ನಮ್ಮದಾಗಿ ಹೋಗಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯ್ತಲ್ಲ, 1956ರ ನವೆಂಬರ್ 1ರವರೆಗೂ ಅಲ್ಲೇ ಇತ್ತು, ಅಷ್ಟು ವರ್ಷ ಮರಾಠಿ ನೆರಳಿನ ಕಂದಾಯ ಕಾಗದ ನೋಡಿದ ಊರಿಗೆ ಈ ಪದಗಳು ಬಿಡೋದಾದ್ರೂ ಹೇಗೆ.

ಇಲ್ಲಿಗೆ ಬಂದಾಗ ನನಗೆ ಒಂದು ವಿಷಯ ಸಿಕ್ತು, ಇದನ್ನ ಬರೀಬೇಕು ಅಂತ ಕೂತಿದ್ದೇ ಅದಕ್ಕೆ. ಮಂಜೂರು ಅರಬ್ಬಿಯ ಮನ್ಜೂರ್. ನಜರ್ ಇದೆಯಲ್ಲ, ಕಣ್ಣು, ನೋಟ, ಅದೇ ಧಾತು. ಮಂಜೂರು ಅಂದ್ರೆ ಮೂಲದಲ್ಲಿ "ನೋಡಿದ್ದಾಯ್ತು" ಅಂತಷ್ಟೇ. ಪಹಣಿ ಮರಾಠಿಯದು, ಪಾಹಣೆ ಅಂದ್ರೆ ನೋಡೋದು, ಗದ್ದೆಗೆ ಹೋಗಿ ಬೆಳೆ ನೋಡಿ ಬರ್ಕಂಡಿದ್ದು ಪಹಣಿ. ಸಾಕ್ಷಿ ಸಂಸ್ಕೃತ, ಅಕ್ಷಿ ಅಂದ್ರೆ ಕಣ್ಣು, ಕಣ್ಣಿಂದ ಕಂಡವನು ಸಾಕ್ಷಿ. ಮೂರು ಭಾಷೆಯಿಂದ ಮೂರು ಪದ ಬಂದು ನಮ್ಮ ಒಂದೇ ಫೈಲಲ್ಲಿ ಕೂತಿವೆ, ಮೂರೂ ಹೇಳೋದು ಕಣ್ಣಿನ ಕಥೆ. ಅಧಿಕೃತ ಅಂತ ಆಗೋದಕ್ಕೆ ಯಾರೂ ಏನೂ ಹೊಸದಾಗಿ ಮಾಡೋದಿಲ್ಲ ಮಾರಾಯ್ರೆ, ಇರೋದನ್ನ ಯಾರೋ ಒಬ್ರು ನೋಡಬೇಕು ಅಷ್ಟೇ. ನಮ್ಮ ಜನ "ಫೈಲ್ ಇನ್ನೂ ಸಾಹೇಬ್ರ ಕಣ್ಣಿಗೆ ಬಿದ್ದಿಲ್ಲ" ಅಂತಾರಲ್ಲ, ಅದು ಡಿಕ್ಷನರಿಗಿಂತ ಕರೆಕ್ಟ್ ಅರ್ಥ. ಕಾಣಿಕೆ ಅನ್ನೋ ಪದವೂ ಕಾಣು ಅನ್ನೋದ್ರಿಂದಲೇ ಬಂದಿದ್ದು, ದೊಡ್ಡವ್ರನ್ನ ಕಾಣೋಕೆ ಹೋಗುವಾಗ ಬರಿಗೈಲಿ ಹೋಗಬಾರದು ಅಂತ. ಇದನ್ನ ಇಲ್ಲಿಗೇ ಬಿಡ್ತೆ.

ರುಜು ಮಾತ್ರ ಕಣ್ಣಿನದಲ್ಲ. ಅದು ಅರಬ್ಬಿಯ ರುಜೂ, ತಿರುಗಿ ಬರೋದು. ಋಜು ಅಂತ ಬರೆದು "ನೇರವಾದದ್ದು" ಅಂತ ಅರ್ಥ ಹಚ್ಚೋರು ಇದಾರೆ, ಅದು ಬೇರೆ ಪದ, ಸಂಸ್ಕೃತದ್ದು. ಸಹಿಗೂ ನೇರಕ್ಕೂ ಸಂಬಂಧ ಇಲ್ಲ ಅನ್ನೋದು ಎಲ್ರಿಗೂ ಗೊತ್ತಿರೋದೇ. ಪಕ್ಕಾ ಇದು ಪಕ್ವ, ಹಣ್ಣಾಗಿದ್ದು. ಗಂಡು ಹೆಣ್ಣಿನ ಮನೆಯವ್ರು ಮಾತಾಡಿ "ಪಕ್ಕಾ ಆತು" ಅಂದ್ರೆ ಅಧಿಕೃತಕ್ಕಿಂತ ಗಟ್ಟಿ ಅದು, ಅಲ್ಲಿ ಸರ್ಕಾರಕ್ಕೆ ಕೆಲಸ ಇಲ್ಲ.

ಮೊದಲಿನ ಕಾಲದಲ್ಲಿ ಹೇಗಿತ್ತು ಅಂತ ಅಜ್ಜಿಗೆ ಕೇಳಿದ್ರೆ "ಕವಳ ಹಾಕಿ ಎದ್ರೆ ಮುಗತ್ತು" ಅಂತಾಳೆ. ಗೇಣಿ ಮಾತು, ಎಮ್ಮೆ ವ್ಯಾಪಾರ, ಮದುವೆ ಎಲ್ಲ ಕವಳದ ಬಟ್ಟಲ ಎದುರಿಗೆ. ಇನ್ನೂ ಹಿಂದೆ ಹೋದ್ರೆ ನೀರು. ಶಾಸನಗಳಲ್ಲಿ "ಧಾರಾಪೂರ್ವಕಂ ಮಾಡಿ" ಅಂತ ಬರ್ತದಲ್ಲ, ಕೈಮೇಲೆ ನೀರು ಬಿಟ್ಟು ಭೂಮಿ ಕೊಡೋದು, ಮದುವೆಯಲ್ಲಿ ಧಾರೆ ಎರೆಯೋದು ಇವತ್ತಿಗೂ ಅದೇ. ಬನವಾಸಿ ನಮ್ಮ ಶಿರಸಿ ತಾಲೂಕಲ್ಲೇ ಇರೋದ್ರಿಂದ ಕದಂಬರ ವಿಷಯ ಬಂದ್ರೆ ನಮಗೆ ಸ್ವಲ್ಪ ಜಂಬ ಜಾಸ್ತಿ. ಸುಮಾರು 450ರ ಹಲ್ಮಿಡಿ ಶಾಸನ, ಕದಂಬ ಕಾಕುಸ್ಥನ ಹೆಸರು ಬರೋದು, ಅದರಲ್ಲಿ ಪಲ್ಮಡಿ ಮೂಳಿವಳ್ಳಿ ಅನ್ನೋ ಎರಡು ಊರನ್ನ ದಾನ ಕೊಟ್ಟ ವಿಷಯ ಇದೆ. ಅಲ್ಲಿ ಅಧಿಕೃತಗೊಳಿಸು ಇಲ್ಲ, "ಕೊಟ್ಟಾರ್" ಅಂತ ಇದೆ, ಒಂದೇ ಪದ. ಅದರ ಬೆನ್ನಿಗೆ ಇದನ್ನ ಕದ್ದವ "ಮಹಾಪಾತಕನ್" ಅಂತ. ಆಮೇಲಿನ ಶಾಸನಗಳಲ್ಲಿ ಶಾಪಕ್ಕೆ ಇನ್ನೂ ವಿವರ ಬಂತು, ಕೊಟ್ಟ ಭೂಮಿ ಕಿತ್ಕಂಡವ 60,000 ವರ್ಷ ಅಮೇಧ್ಯದಲ್ಲಿ ಹುಳ ಆಗಿ ಹುಟ್ತಾನೆ ಅನ್ನೋ ಶ್ಲೋಕ ಸುಮಾರು ಶಾಸನಗಳ ಕೊನೇಲಿ ಇರ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇಷ್ಟು ಸ್ಪಷ್ಟವಾಗಿ ಬರೆಸೋಕೆ ಈಗ ಅವಕಾಶ ಇಲ್ಲ.

ಅಂದಹಾಗೆ, ರಿಜಿಸ್ಟ್ರಾರ್ ವಿಷಯ ಬಂತಲ್ಲ, ಇಲ್ಲೇ ಜನ ಪದ ಹಿಡಿದು ಮೋಸ ಹೋಗೋದು. ಕರಾವಳಿ ಕಡೆ ಸೈಟ್ ತಗಂಡವ್ರೊಬ್ರು ನನಗೆ ಪರಿಚಯ, "ಎಲ್ಲ ಅಫೀಶಿಯಲ್ ಆಗೇ ಆಗಿದೆ, ನೋಟರಿ ಮಾಡಿಸಿದೀನಿ" ಅಂತ ಕಾಗದ ತೋರಿಸ್ತಾರೆ. ನೋಟರಿ ಅಂದ್ರೆ ಈ ಸಹಿ ಇವ್ರೇ ಹಾಕಿದ್ದು ಅಂತ ಒಬ್ರು ನೋಡಿ ಸಿಕ್ಕಾ ಒತ್ತಿದ್ದು, ಅಷ್ಟೇ. ಜಮೀನು ಕೈಬದಲಾಗೋಕೆ ಅದು ಸಾಕಾಗೋದಿಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ 100 ರೂಪಾಯಿ ಮತ್ತೆ ಅದಕ್ಕಿಂತ ಮೇಲಿನ ಸ್ಥಿರಾಸ್ತಿ ಮಾರಾಟಕ್ಕೆ ರಿಜಿಸ್ಟರ್ ಆಗಲೇಬೇಕು, ಇವತ್ತು 100 ರೂಪಾಯಿಗೆ ಒಂದು ಅಡಿಕೆ ಸಸಿ ನೆಡೋ ಜಾಗವೂ ಸಿಗೋದಿಲ್ಲ, ಹಾಗಾಗಿ ಎಲ್ಲದಕ್ಕೂ ಬೇಕು ಅಂತಲೇ ಇಟ್ಕಳಿ. ಅದಾದ ಮೇಲೆ ಖಾತೆ ಬದಲಾವಣೆ. ಪಹಣಿಯ 9ನೇ ಕಾಲಂನಲ್ಲಿ ಹೆಸರು ಬಂತು ಅಂದ್ರೆ ಊರಲ್ಲಿ ಪೇಡೆ ಹಂಚ್ತಾರೆ, ಆದ್ರೆ ಅದೂ ಕೊನೆಯ ಮಾತಲ್ಲ. 1964ರ ಭೂಕಂದಾಯ ಕಾಯ್ದೆ 133ನೇ ಕಲಂ ಹೇಳೋದು ಇಷ್ಟೇ: ಅದರಲ್ಲಿ ಬರೆದಿದ್ದು ತಪ್ಪು ಅಂತ ಸಾಬೀತಾಗೋವರೆಗೂ ಸರಿ ಅಂತ ಅಂದ್ಕೋಬೇಕು. ಅಂದ್ರೆ ದಾಖಲು ಬೇರೆ, ನೋಂದಣಿ ಬೇರೆ, ದೃಢೀಕರಣ ಬೇರೆ, ಇದನ್ನೆಲ್ಲ ಒಟ್ಟು ಮುದ್ದೆ ಮಾಡಿ "ಅಫೀಶಿಯಲ್" ಅಂದ್ರೆ ಕೇಳೋಕೆ ಸಲೀಸು, ನಾಳೆ ಕೋರ್ಟಲ್ಲಿ ಕಷ್ಟ. ನಾನು ಅಕ್ಕನ ಮಗಳಿಗೆ ಒಂದೇ ಪದದಲ್ಲಿ ಉತ್ತರ ಕೊಟ್ಟು ಮಾಡಿದ್ದು ಇದೇ ತಪ್ಪು.

ನಮ್ಮ ಜಿಲ್ಲೆಯಲ್ಲಿ ಈ ಗುಂಪಿನ ಎಲ್ಲಕ್ಕಿಂತ ಭಾರದ ಪದ ಅಂದ್ರೆ "ಸಕ್ರಮ". ಬೇರೆ ಕಡೆ ಹೇಗೋ, ಕಾಡೇ ಜಾಸ್ತಿ ಇರೋ ಈ ಜಿಲ್ಲೆಯಲ್ಲಿ ಅತಿಕ್ರಮಣ ಅನ್ನೋ ಪದ ಕೇಳದೇ ಬೆಳೆದ ಮಕ್ಕಳಿಲ್ಲ. ಸಕ್ರಮ ಯಾವತ್ತೂ ಒಂಟಿಯಾಗಿ ಬರೋದಿಲ್ಲ ಗಮನಿಸಿದೀರಾ? ಅದರ ಹಿಂದೆ ಅಕ್ರಮ ಇರಲೇಬೇಕು, ಅಕ್ರಮ-ಸಕ್ರಮ ಅಂತ ಈಗ ಒಂದೇ ಪದ ಆಗಿ ಹೋಗಿದೆ. ಸಕ್ರಮಗೊಳಿಸು ಅನ್ನೋ ಬಾಯಲ್ಲೇ "ನೀನು ಇಷ್ಟು ದಿನ ತಪ್ಪಲ್ಲಿದ್ದೆ" ಅಂತ ಹೇಳಿ ಆಗ್ತದೆ. ಬಗರ್ ಹುಕುಂ ಕೂಡ ಹಾಗೇ, ಹುಕುಂ ಇಲ್ಲದ್ದು, ಅಪ್ಪಣೆ ಇಲ್ಲದೇ ಮಾಡಿದ ಸಾಗುವಳಿ. ಊರಲ್ಲಿ ಕಾಯ್ದೆ ಹೆಸರು ಯಾರಿಗೂ ಬೇಡ, ನಂಬರ್ ಸಾಕು, "ಐವತ್ಮೂರು ಹಾಕಿದ್ಯಾ? ಐವತ್ತೇಳು ಹಾಕಿದ್ಯಾ?" ಅಂತ ಕೇಳ್ತಾರೆ, ಸಕ್ರಮಕ್ಕೆ ಅರ್ಜಿ ಹಾಕೋ ಫಾರಂ 50, 53, 57 ಇವೆಲ್ಲ ಸಂಬಂಧಿಕರ ಹೆಸರಿನ ಹಾಗೆ ಬಾಯಿಪಾಠ.

ಇದಕ್ಕೆ ವಿರುದ್ಧವಾಗಿ 2006ರ ಅರಣ್ಯ ಹಕ್ಕು ಕಾಯ್ದೆ ಓದಿ ನೋಡಿ. ಅದರಲ್ಲಿ ಇರೋ ಕ್ರಿಯಾಪದ ಮಂಜೂರು ಮಾಡು ಅಲ್ಲ, ಸಕ್ರಮ ಮಾಡು ಅಲ್ಲ, "ಮಾನ್ಯ ಮಾಡು". ತಲೆಮಾರುಗಳಿಂದ ಕಾಡಲ್ಲಿ ವಾಸ ಇದ್ದು ಯಾರ ಹಕ್ಕು ದಾಖಲಾಗದೇ ಉಳಿದಿತ್ತೋ ಅವ್ರ ಹಕ್ಕನ್ನ ಮಾನ್ಯ ಮಾಡೋದು ಅಂತ ಪೀಠಿಕೆಯಲ್ಲೇ ಇದೆ. ಅಂದ್ರೆ ಹಕ್ಕು ಮೊದಲೇ ಇತ್ತು, ಬರ್ಕಳೋದು ನಮ್ಮಿಂದ ಬಾಕಿ ಉಳಿದಿತ್ತು ಅಂತ ಸರ್ಕಾರವೇ ಒಪ್ಪಿದ ಹಾಗೆ. ಎಷ್ಟು ದೊಡ್ಡ ವ್ಯತ್ಯಾಸ ಒಂದು ಕ್ರಿಯಾಪದದಲ್ಲಿ! ಆದ್ರೆ ಅರ್ಜಿ ಹಾಕಿದ ನಮ್ಮ ಕಡೆಯವ್ರು ಕೂಡ "ಜಮೀನು ಸಕ್ರಮಕ್ಕೆ ಹಾಕಿದ್ದು" ಅಂತಲೇ ಹೇಳೋದು, ಹಳೇ ಪದ ಬಾಯಿ ಬಿಡೋದಿಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ಇರಬೇಕು, ಬುಡಕಟ್ಟಿನವ್ರು ಅಲ್ಲದಿದ್ರೆ ಮೂರು ತಲೆಮಾರು, ಅಂದ್ರೆ 75 ವರ್ಷದ ವಾಸಕ್ಕೆ ಪುರಾವೆ ಬೇಕು. ಗ್ರಾಮಸಭೆ, ಆಮೇಲೆ ಉಪವಿಭಾಗದ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ಕಾಗದ ಇಲ್ಲದ್ದಕ್ಕೇ ಅರ್ಜಿ ಹಾಕಿದವ್ರು 75 ವರ್ಷದ ಗುರುತು ಹುಡುಕಬೇಕು, ಅಜ್ಜ ನೆಟ್ಟ ಮಾವಿನ ಮರ ತೋರಿಸಿ, ಊರಿನ ಹಿರಿಯರ ಹೇಳಿಕೆ ಬರೆಸಿ. ಹಿರಿಯರ ಮಾತೂ ಪುರಾವೆ ಅಂತ ನಿಯಮದಲ್ಲಿ ಇದೆ, ಅಲ್ಲಿಗೆ ಮತ್ತೆ ಸಾಕ್ಷಿ, ಮತ್ತೆ ಕಣ್ಣು.

ಇನ್ನು ಸರ್ಕಾರಿ ಕನ್ನಡದ "ಲಾಗಿದೆ" ಬಗ್ಗೆ ಹೇಳದಿದ್ರೆ ನನಗೆ ಊಟ ಸೇರೋದಿಲ್ಲ. ಅಧಿಕೃತಗೊಳಿಸಲಾಗಿದೆ, ಆದೇಶಿಸಲಾಗಿದೆ, ಸೂಚಿಸಲಾಗಿದೆ, ತಿರಸ್ಕರಿಸಲಾಗಿದೆ. ಯಾರಿಂದ? ಗೊತ್ತಿಲ್ಲ. ಅಷ್ಟು ಕಷ್ಟಪಟ್ಟು ಕುರ್ಚಿ ಬೇಕು ಅನ್ನೋ ಕ್ರಿಯಾಪದ ತಂದು, ಕೊನೇಲಿ ಕುರ್ಚಿ ಮೇಲಿನವ್ರೇ ಮಾಯ. ಸಹಿಯ ಜಾಗದಲ್ಲಿ ಓದೋಕೆ ಬರದ ಒಂದು ಗೀರು. ನನಗೆ ಬಂದ ಮೊದಲ ಉತ್ತರ "ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ" ಅಂತ ಇತ್ತು. ಖುಷಿಯಾಗಿ ಅಪ್ಪನಿಗೆ ಫೋನ್ ಮಾಡಿದೆ, ಖಾತೆ ಆಯ್ತು ಅಂತ. ಆಮೇಲೆ ಕೇಳಿದ್ರೆ ಅದು ವಾಪಸ್ ಬಂದಿದ್ದು, ಹೆಸರಿನ ತಕರಾರು. ಕಸಕ್ಕೂ ಅದೇ ವಿಲೇವಾರಿ, ಅರ್ಜಿಗೂ ಅದೇ ವಿಲೇವಾರಿ. ಮೊದಲೇ ಅರ್ಥ ಮಾಡ್ಕಬೇಕಿತ್ತು ನಾನು. ತಕರಾರು ಅನ್ನೋ ಪದದ ಮೂಲ ಅರ್ಥ ಏನು ಗೊತ್ತಾ, ಮತ್ತೆ ಮತ್ತೆ ಹೇಳಿದ್ದನ್ನೇ ಹೇಳೋದು.

ಅಫಿಡವಿಟ್ ಆಯ್ತು ಕೊನೆಗೂ. ತಿಮ್ಮಣ್ಣನೂ ತಿಮ್ಮಪ್ಪನೂ ಒಬ್ಬನೇ ವ್ಯಕ್ತಿ ಅಂತ ನಾನು ಪ್ರಮಾಣ ಮಾಡಿ ಹೇಳಿ ಸಹಿ ಹಾಕಿದೆ. ಭಟ್ರ ಲೆಕ್ಕದಲ್ಲಿ ಇದು ಅಭೂತತದ್ಭಾವ ಅಲ್ಲವೇ ಅಲ್ಲ, ಅಜ್ಜ ಮೊದಲೂ ಒಬ್ಬನೇ ಇದ್ದ. ಅಜ್ಜಿಗೆ ಆ ಕಾಗದ ಓದಿ ಹೇಳಿದೆ, ಅವಳು "ನಾ ಅವ್ನ ಎರಡೂ ಹೆಸರಿಂದ ಕರದ್ದಿಲ್ಲೆ" ಅಂದು ಬತ್ತಿ ಹೊಸೆಯೋಕೆ ಹೋದ್ಳು.

ಅಕ್ಕನ ಮಗಳಿಗೆ ಮರುದಿನ ಫೋನ್ ಮಾಡಿ ಇದನ್ನೆಲ್ಲ ಹೇಳೋಕೆ ಶುರು ಮಾಡಿದೆ, ಚ್ವಿ ಪ್ರತ್ಯಯದ ಹತ್ರ ಬರೋವಷ್ಟರಲ್ಲಿ ಅವಳು "ಮಾವಾ ನೆಟ್‌ವರ್ಕ್ ಇಲ್ಲ" ಅಂದ್ಳು. ನೆಟ್‌ವರ್ಕ್ ಇತ್ತು. ಲವ್ವಿನ ವಾಕ್ಯ ಅಳಿಸಿ ಬೇರೆ ಬರೆದಿಯಾ ಅಂತ ಕೇಳಿದ್ರೆ, ಅಳಿಸೇ ಇಲ್ಲ, ಹಾಗೇ ಕೊಟ್ಟಿದಾಳೆ. ಟೀಚರ್ ಪುಟದ ಕೆಳಗೆ ಕೆಂಪು ಪೆನ್ನಲ್ಲಿ "ನೋಡಿದೆ" ಅಂತ ಬರೆದು ಸಣ್ಣ ಸಹಿ ಹಾಕಿ ವಾಪಸ್ ಕೊಟ್ಟಿದಾರಂತೆ. ಈ ವಾರ "ರದ್ದುಗೊಳಿಸು" ಕೊಟ್ಟಿದಾರೆ, ನಿನ್ನೆ ಸಂಜೆಯಿಂದ ಎರಡು ಮಿಸ್‌ಕಾಲ್ ಇದೆ, ನಾನು ಇನ್ನೂ ತಿರುಗಿ ಮಾಡಿಲ್ಲ.